ಹಳದಿ ತೋಟಾದ ಹಿಂದಿನ ಕಥೆ

ಚರೆ ಕೋವಿಯ ಲೆಕ್ಕ ತಿರುಗುಮುರುಗು: ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು. ಇದು ಇಂಗ್ಲೆಂಡಿನ ಹಳೆಯ ಅಳತೆ. ಒಂದು ಪೌಂಡ್ ಸೀಸದಲ್ಲಿ ಸಮಗಾತ್ರದ 12 ಗುಂಡು ಎರಕ ಹೊಯ್ದರೆ, ಅದರಲ್ಲೊಂದು ಸರಿಯಾಗಿ ಹಿಡಿಸುವ ನಳಿಗೆಯೇ 12 ಬೋರ್. ಅದರ ವ್ಯಾಸ ಸುಮಾರು 18.5 ಮಿ.ಮೀ.; 20 ಬೋರಿನದು 15.6 ಮಾತ್ರ.

20ರ ತೋಟಾವನ್ನು ತಪ್ಪಿ 12ರ ಕೋವಿಗೆ ಹಾಕಿದರೆ, ಅದು ಮುಂದಕ್ಕೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೂ ಈಡು ಹಾರದು. ಕೋವಿ ಖಾಲಿಯೆಂದು ಬಗೆದು, ಹಿಂದಿನಿಂದ 12ರ ತೋಟಾ ತುಂಬಿ ಹೊಡೆದರೆ ನಳಿಗೆಯೇ ಸಿಡಿದು, ಅದನ್ನು ಹಿಡಿದ ಕೈಯ ಬೆರಳುಗಳು ಹೋದಾವು.

ಇದನ್ನು ತಡೆಯಲೆಂದೇ 1960ರ ದಶಕದಲ್ಲಿ ಅಮೆರಿಕದ ತಯಾರಕರು 20ರ ತೋಟಾಕ್ಕೆ ಹಳದಿ ಬಣ್ಣ ಮೀಸಲಿಟ್ಟರು. ಅಂಕಿ ಓದಲು ಬೆಳಕು ಬೇಕು, ಪುರುಸೊತ್ತೂ ಬೇಕು. ಹಳದಿ ಮಬ್ಬಿನಲ್ಲೂ ಕಣ್ಣಿಗೆ ಬೀಳುತ್ತದೆ. ಆದರೂ ಒಂದೇ ಜೇಬಿನಲ್ಲಿ ಎರಡು ಬಗೆಯ ತೋಟಾ ಇಡದಿರುವುದೇ ಮೊದಲ ಪಾಠ.