ಪದ ಪರಿಚಯ: ಮ್ಯಾಮೊಗ್ರಾಂ

ಲ್ಯಾಟಿನ್ನಿನ ‘ಮಮ್ಮ’ ಎಂದರೆ ಮೊಲೆ. ಗ್ರೀಕ್ ಮೂಲದ ‘ಗ್ರಾಂ’ ಎಂದರೆ ಬರಹ. ಎರಡೂ ಕೂಡಿ ಮ್ಯಾಮೊಗ್ರಾಂ, ಅಂದರೆ ಮೊಲೆಯ ಎಕ್ಸ್-ರೇ ಚಿತ್ರ. ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್ 1913ರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೊಲೆಗಳ ಎಕ್ಸ್-ರೇ ಅಧ್ಯಯನ ಪ್ರಕಟಿಸಿದ. ಪರೀಕ್ಷೆಯ ಬೇರು ಅಲ್ಲಿದೆ.

ಚಿಕ್ಕಮಗಳೂರು ಜಿಲ್ಲೆಯ ವಸ್ತಾರೆ ಸುತ್ತಿನ ಕಾಫಿ ತೋಟಗಳ ಕಾರ್ಮಿಕರ ಲೈನ್ ಮನೆಗಳಲ್ಲಿ ಮ್ಯಾಮೊಗ್ರಾಂ ಎನ್ನುವುದಕ್ಕಿಂತ ಮೊದಲು ಬಾಯಿಗೆ ಬರುವ ಪದ ‘ಗಂಟು’. ಮೂವತ್ತು ದಾಟಿದ ಹೆಂಗಸರ ಆರೋಗ್ಯ ನಮೂನೆ ತುಂಬುವಾಗ ಆಶಾ ಕಾರ್ಯಕರ್ತೆ ಕೇಳುವುದೂ ಅದನ್ನೇ: ಗಂಟಿದೆಯಾ, ತೊಟ್ಟಿನಿಂದ ರಕ್ತ ಬರುತ್ತಾ, ಆಕಾರ ಬದಲಾಗಿದೆಯಾ? ‘ನೋವೇನಿಲ್ಲ, ಕಾಫಿ ಕುಯ್ಲು ಮುಗೀಲಿ’ ಎಂದು ಮುಂದೂಡುವುದುಂಟು. ಆದರೆ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ!

ಮ್ಯಾಮೊಗ್ರಾಂ ತೆಗೆಯುವಾಗ ಯಂತ್ರದ ಎರಡು ಫಲಕಗಳ ನಡುವೆ ಮೊಲೆಯನ್ನು ಕೆಲವೇ ಕ್ಷಣ ಒತ್ತಿ ಹಿಡಿಯುತ್ತಾರೆ. ತುಸು ನೋಯಬಹುದು; ಒತ್ತುವುದರಿಂದ ಚಿತ್ರ ಸ್ಪಷ್ಟವಾಗುತ್ತದೆ, ವಿಕಿರಣವೂ ಕಡಿಮೆ ಸಾಕು. ಎಳೆಯ ವಯಸ್ಸಿನವರ ಮೊಲೆಯ ಅಂಗಾಂಶ ದಟ್ಟವಾಗಿರುವುದರಿಂದ ಅವರಿಗೆ ಹೆಚ್ಚಾಗಿ ಅಲ್ಟ್ರಾಸೌಂಡ್ ಮಾಡುತ್ತಾರೆ.

ನಾಚಿಕೆಗೆ ‘ಎದೆ ನೋವು’ ಎಂದರೆ ವೈದ್ಯರು ಹೃದಯ ನೋಡಿಯಾರು. ‘ಮೊಲೆಯಲ್ಲಿ ಗಂಟಿದೆ’ ಎಂದೇ ಹೇಳಿ, ಅಕ್ಕಂದಿರೇ.