ಆನ್‌ಲೈನ್ ಅಸೈನ್‌ಮೆಂಟ್‌ಗೆ ಅಂಕ ಹಾಕುವುದು ಕಂಪ್ಯೂಟರಾ, ಮೇಷ್ಟ್ರಾ? ಏನಿದು ರೂಬ್ರಿಕ್?

"ಅಸೈನ್‌ಮೆಂಟ್ ಅಪ್‌ಲೋಡ್ ಮಾಡಿದ ಕೂಡಲೇ ಕಂಪ್ಯೂಟರೇ ಅಂಕ ಹಾಕುತ್ತದೆ. ಪುಟ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಬಣ್ಣದ ಫೋಟೋ ಅಂಟಿಸಿದರೆ ಇನ್ನೂ ಒಳ್ಳೆಯದು." ಪಾಲಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇಂಥ ಮಾತು ಆಗಾಗ ಕಾಣಿಸುತ್ತದೆ. ನಂಬಿದವರು ಸೈಬರ್ ಸೆಂಟರ್‌ಗೆ ಹೋಗಿ ಕಲರ್ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸುತ್ತಾರೆ. ಇದರಲ್ಲಿ ನಿಜವೆಷ್ಟು?

ಚಿಕ್ಕ ಉತ್ತರ ಹೀಗಿದೆ. ಸರಿ ಉತ್ತರಕ್ಕೆ ಟಿಕ್ ಹಾಕುವ ಕ್ವಿಜ್ ಆಗಿದ್ದರೆ ಕಂಪ್ಯೂಟರ್ ಅಂಕ ಹಾಕುತ್ತದೆ, ನಿಜ. ಆದರೆ ಪ್ರಬಂಧ, ಪ್ರಾಜೆಕ್ಟ್, ವರದಿಗಳಿಗೆ ಸಾಮಾನ್ಯವಾಗಿ ಶಿಕ್ಷಕರೇ ಅಂಕ ಕೊಡುತ್ತಾರೆ. ಯಾವುದಕ್ಕೆ ಎಷ್ಟು ಅಂಕ ಎಂದು ಅವರು ಮೊದಲೇ ಬರೆದಿಡುವ ಕೋಷ್ಟಕದ ಹೆಸರು ರೂಬ್ರಿಕ್. ಗೂಗಲ್ ಕ್ಲಾಸ್‌ರೂಮ್, ಮೂಡಲ್‌ನಂಥ ಕಲಿಕಾ ವೇದಿಕೆಗಳು ಆ ಕೋಷ್ಟಕವನ್ನು ಪರದೆಯ ಮೇಲೆ ತೋರಿಸಿ, ಶಿಕ್ಷಕರು ಆರಿಸಿದ ಅಂಕಗಳನ್ನು ಕೂಡಿಸುತ್ತವೆ. ಆ ಕೂಡಿಕೆಯಲ್ಲೂ ಒಂದು ಎಡವಟ್ಟಾಗಬಹುದು. ಅದನ್ನು ಮುಂದೆ ನೋಡೋಣ.

ಇದು ಸಣ್ಣ ವಿಷಯವೆಂದು ಬಿಡುವಂತಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಯ 125 ಅಂಕಗಳಲ್ಲಿ 25, ಉಳಿದ ವಿಷಯಗಳ 100ರಲ್ಲಿ 20 ಆಂತರಿಕ ಅಂಕ. ಲಿಖಿತ ಪರೀಕ್ಷೆಗೆ ಮಂಡಳಿ ಕೀ ಉತ್ತರ ಪ್ರಕಟಿಸುತ್ತದೆ, ಉತ್ತರಪತ್ರಿಕೆಯ ನಕಲು ಪಡೆಯಬಹುದು, ಮರುಮೌಲ್ಯಮಾಪನಕ್ಕೂ ಹಾಕಬಹುದು. ಪ್ರಾಜೆಕ್ಟಿಗೆ ಬಂದ 11 ಯಾಕೆ 11, ಯಾಕೆ 15 ಅಲ್ಲ ಎಂದು ಮಗು ಕೇಳಿದರೆ ತೋರಿಸಲು ಏನಿದೆ? ರೂಬ್ರಿಕ್ ಇದ್ದರೆ ಅದಿದೆ.

ಒಂದೇ ಉತ್ತರ, ಎಷ್ಟೊಂದು ಅಂಕ!

"ಮೇಷ್ಟ್ರಿಗೆ ಅನುಭವ ಇದೆ, ಓದಿದರೆ ಸಾಕು, ಅಂಕ ಗೊತ್ತಾಗುತ್ತದೆ" ಎಂಬ ಮಾತೂ ಇದೆ. ಅಮೆರಿಕದಲ್ಲಿ 1912ರಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಇದನ್ನು ಪರೀಕ್ಷಿಸಿದರು. ಇಂಗ್ಲಿಷ್ ವಿಷಯದ ಒಂದೇ ಉತ್ತರಪತ್ರಿಕೆಯನ್ನು 142 ಶಿಕ್ಷಕರು ನೋಡಿ 100ಕ್ಕೆ ಅಂಕ ಕೊಟ್ಟರು. ಕಡಿಮೆ ಕೊಟ್ಟವರದು 64, ಹೆಚ್ಚು ಕೊಟ್ಟವರದು 98. ಭಾಷೆಯ ವಿಷಯದಲ್ಲಿ ಹಾಗೆಯೇ ಆಗುತ್ತದೆ, ಗಣಿತದಲ್ಲಿ ಆಗದು ಎಂದು ಕೆಲವರು ಆಕ್ಷೇಪಿಸಿದರು. ಮರುವರ್ಷ ರೇಖಾಗಣಿತದ ಉತ್ತರಪತ್ರಿಕೆ ಕಳಿಸಿದಾಗ ಅಂಕಗಳು 28ರಿಂದ 95ರವರೆಗೆ ಹರಡಿದವು! ಒಬ್ಬರು ಹೆಜ್ಜೆಗೆ ಅಂಕ ಕೊಟ್ಟರು, ಇನ್ನೊಬ್ಬರು ಕೊನೆಯ ಉತ್ತರಕ್ಕೆ, ಮತ್ತೊಬ್ಬರು ಅಚ್ಚುಕಟ್ಟಿಗೆ. ಯಾರೂ ಮೋಸ ಮಾಡಿದ್ದಲ್ಲ. ಯಾವುದಕ್ಕೆ ಎಷ್ಟು ಎಂದು ಮೊದಲೇ ಒಪ್ಪಿಕೊಂಡಿರಲಿಲ್ಲ, ಅಷ್ಟೆ.

19ನೇ ಗೇಟಿನ ಪ್ರಾಜೆಕ್ಟ್

ನಮ್ಮ ಕಡೆಯದೇ ಒಂದು ವಿಷಯ ತೆಗೆದುಕೊಳ್ಳೋಣ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟ್‌ಗಳನ್ನೂ ತೆರೆದು ನೀರು ಬಿಟ್ಟರು. ಸುಮಾರು ಒಂದು ವಾರದಲ್ಲಿ, ನೀರು ಹರಿಯುತ್ತಿರುವಾಗಲೇ, ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆ ಜಾಗ ಮುಚ್ಚಿದರು. ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಏನಾಗುತ್ತದೆ ಎಂಬುದು ಕೆಳಗಿನ ಊರುಗಳಿಗೆ ಚೆನ್ನಾಗಿ ಗೊತ್ತು. ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ನೀರು ಬಂದು ಬಸ್ಸು ನಿಲ್ಲುತ್ತದೆ.

ಈಗ ಒಬ್ಬ ಶಿಕ್ಷಕರು "19ನೇ ಗೇಟ್ ಯಾಕೆ ಹೋಯಿತು, ಅದರಿಂದ ನದಿಯ ಕೆಳಭಾಗದ ಊರುಗಳಿಗೆ ಏನಾಗಬಹುದಿತ್ತು?" ಎಂದು 20 ಅಂಕದ ಅಸೈನ್‌ಮೆಂಟ್ ಕೊಟ್ಟರು ಎಂದುಕೊಳ್ಳಿ. ಇಬ್ಬರು ಮಕ್ಕಳನ್ನೂ ಊಹಿಸಿಕೊಳ್ಳಿ. ಹೊಸಪೇಟೆಯ ಒಬ್ಬಳು 14 ಪುಟ ಟೈಪ್ ಮಾಡಿಸಿ, ಇಂಟರ್ನೆಟ್ಟಿನಿಂದ ತೆಗೆದ ಬಣ್ಣದ ಚಿತ್ರ ಹಾಕಿದ್ದಾಳೆ. ನಡುವೆ "ಡ್ಯಾಂ ಒಡೆಯಿತು" ಎಂದು ಬರೆದಿದ್ದಾಳೆ. ಕಂಪ್ಲಿಯ ಒಬ್ಬ 3 ಪುಟ ಕೈಯಲ್ಲಿ ಬರೆದು, ಅಪ್ಪನ ಫೋನಿನಲ್ಲಿ ಫೋಟೋ ತೆಗೆದು ಹಾಕಿದ್ದಾನೆ. ಒಂದು ಪುಟ ಸ್ವಲ್ಪ ಮಸುಕು. ಆದರೆ ಗದ್ದೆ ಮಾಡುವ ತಾತನನ್ನು ಕೇಳಿ ಬರೆದಿದ್ದಾನೆ, ಪತ್ರಿಕೆಯ ದಿನಾಂಕ ಕೊಟ್ಟಿದ್ದಾನೆ, ಚೈನ್ ತುಂಡಾದದ್ದಕ್ಕೂ ಉಳಿದ ಗೇಟ್ ತೆರೆದದ್ದಕ್ಕೂ ಇರುವ ಸಂಬಂಧ ಹೇಳಿದ್ದಾನೆ.

ರಾತ್ರಿ ಹತ್ತು ಗಂಟೆಗೆ, ಐವತ್ತನೇ ಅಸೈನ್‌ಮೆಂಟ್ ತೆರೆದ ಶಿಕ್ಷಕರ ಕಣ್ಣಿಗೆ ಯಾವುದು ಚೆನ್ನಾಗಿ ಕಾಣುತ್ತದೆ? ನಾವಾಗಿದ್ದರೂ ಮೊದಲನೆಯದಕ್ಕೆ 18, ಎರಡನೆಯದಕ್ಕೆ 12 ಹಾಕಿಬಿಡುತ್ತಿದ್ದೆವೇನೋ.

ರೂಬ್ರಿಕ್ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಕೋಷ್ಟಕದ ಎಡಗಡೆ ನಾಲ್ಕು ಅಂಶ ಬರೆಯೋಣ: ಮಾಹಿತಿ ಸರಿಯಿದೆಯೇ ಎಂಬುದಕ್ಕೆ 6, ಆಧಾರಕ್ಕೆ 6, ಕಾರಣ ಮತ್ತು ಪರಿಣಾಮದ ವಿವರಣೆಗೆ 6, ಓದಲು ಅನುಕೂಲವಾಗಿದೆಯೇ ಎಂಬುದಕ್ಕೆ 2. ಮೇಲ್ಗಡೆ ಮಟ್ಟಗಳು. ಒಂದೊಂದು ಚೌಕದಲ್ಲೂ ಆ ಅಂಕಕ್ಕೆ ಏನು ಇರಬೇಕು ಎಂಬ ವಾಕ್ಯ. ಆಧಾರದ ಸಾಲನ್ನು ಪೂರ್ತಿ ಬರೆದು ತೋರಿಸುತ್ತೇವೆ:

6 ಅಂಕ: ಕನಿಷ್ಠ ಮೂರು ಮುಖ್ಯ ಸಂಗತಿಗಳು ಎಲ್ಲಿಂದ ತಿಳಿದವು ಎಂದು ಬರೆದಿದೆ, ಅದರಲ್ಲಿ ಒಂದಾದರೂ ತಾನೇ ನೋಡಿದ್ದು ಅಥವಾ ಕೇಳಿ ತಿಳಿದದ್ದು.
4 ಅಂಕ: ಒಂದೆರಡು ಸಂಗತಿಗಳಿಗೆ ಮೂಲವಿದೆ, ಪತ್ರಿಕೆ ಯಾವುದು, ಯಾವ ದಿನದ್ದು, ಹೇಳಿದವರು ಯಾರು ಎಂಬುದು ಸ್ಪಷ್ಟವಾಗಿದೆ.
2 ಅಂಕ: "ಇಂಟರ್ನೆಟ್", "ವಾಟ್ಸ್ಆ್ಯಪ್" ಎಂದಷ್ಟೇ ಬರೆದಿದೆ.
0: ಮೂಲವೇ ಇಲ್ಲ.

ಗಮನಿಸಿ, ಇಲ್ಲಿ "ಅತ್ಯುತ್ತಮ", "ಉತ್ತಮ", "ಸಾಧಾರಣ" ಎಂಬ ಪದಗಳಿಲ್ಲ. ಬಹಳಷ್ಟು ರೂಬ್ರಿಕ್‌ಗಳು ಕೆಡುವುದೇ ಆ ಪದಗಳಿಂದ. "ಉತ್ತಮ ಆಧಾರ" ಎಂದರೆ ಒಬ್ಬರಿಗೆ ಐದು ಲಿಂಕ್, ಇನ್ನೊಬ್ಬರಿಗೆ ಒಂದು ಸಂದರ್ಶನ. ಬರೆದದ್ದನ್ನು ನೋಡಿ "ಇದೆ", "ಇಲ್ಲ" ಎಂದು ಬೆರಳಿಟ್ಟು ತೋರಿಸುವಂತಿರಬೇಕು.

ಈ ಅಳತೆಯಲ್ಲಿ ಹೊಸಪೇಟೆಯ ಹುಡುಗಿಗೆ ಮಾಹಿತಿಗೆ 4 (ಹೋದದ್ದು ಗೇಟ್, ಡ್ಯಾಂ ಒಡೆಯಲಿಲ್ಲ), ಆಧಾರಕ್ಕೆ 2, ವಿವರಣೆಗೆ 2, ಓದಲು ಅನುಕೂಲಕ್ಕೆ 2. ಒಟ್ಟು 10. ಕಂಪ್ಲಿಯ ಹುಡುಗನಿಗೆ 6, 6, 4, 1. ಒಟ್ಟು 17.

ಹಾಗಂತ ಆ ಹುಡುಗಿ ಸೋಮಾರಿಯಲ್ಲ. 14 ಪುಟ ಸುಮ್ಮನೆ ಆಗುವುದಿಲ್ಲ. ಆಧಾರಕ್ಕೆ 6 ಅಂಕವಿದೆ, ಅಂದಕ್ಕೆ ಬರೀ 2 ಎಂದು ಅವಳಿಗೆ ಮೊದಲೇ ಹೇಳಿದ್ದರೆ ಅವಳ ಶ್ರಮ ಬೇರೆ ಕಡೆ ಹೋಗುತ್ತಿತ್ತು. ಅಸೈನ್‌ಮೆಂಟ್ ಮುಗಿದ ಮೇಲೆ ಶಿಕ್ಷಕರ ಡೈರಿಯಿಂದ ಹೊರಬರುವ ರೂಬ್ರಿಕ್ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಪ್ರಶ್ನೆಯ ಜೊತೆಯಲ್ಲೇ, ಅದೇ ದಿನ, ಅದು ಮಕ್ಕಳ ಕೈ ಸೇರಬೇಕು.

ಕ್ಲಾಸ್‌ರೂಮ್‌ನಲ್ಲಿ ಮಾಡುವುದು ಹೇಗೆ?

ಗೂಗಲ್ ಕ್ಲಾಸ್‌ರೂಮ್‌ನಲ್ಲಿ ರೂಬ್ರಿಕ್ ತಯಾರಿಸಲು ಮೊಬೈಲ್ ಬಿಟ್ಟು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಕೂರುವುದು ಒಳ್ಳೆಯದು. ಕ್ಲಾಸ್‌ವರ್ಕ್‌ಗೆ ಹೋಗಿ ಅಸೈನ್‌ಮೆಂಟ್ ತೆರೆಯಿರಿ, ಮೊದಲು ಶೀರ್ಷಿಕೆ ಕೊಡಿ, ನಂತರ ರೂಬ್ರಿಕ್ ಒತ್ತಿ. ಹೊಸದು ಮಾಡಬಹುದು, ಹಳೆಯದನ್ನು ಮತ್ತೆ ಬಳಸಬಹುದು, ಸಹೋದ್ಯೋಗಿ ಕಳಿಸಿದ ಶೀಟ್‌ನಿಂದ ತರಿಸಿಕೊಳ್ಳಲೂಬಹುದು. ಒಂದು ರೂಬ್ರಿಕ್‌ನಲ್ಲಿ 50 ಅಂಶ, ಒಂದೊಂದಕ್ಕೆ 10 ಮಟ್ಟದವರೆಗೆ ಅವಕಾಶವಿದೆ. ಅವಕಾಶವಿದೆ ಎಂದು ಅಷ್ಟೂ ತುಂಬಬೇಡಿ! ನಾಲ್ಕೈದು ಅಂಶ, ಮೂರು ನಾಲ್ಕು ಮಟ್ಟ ಸಾಕು. ಹೆಚ್ಚಾದರೆ ಅಂಕ ಹಾಕುವವರೂ ಓದುವುದಿಲ್ಲ, ಮಕ್ಕಳೂ ಓದುವುದಿಲ್ಲ. ಚೌಕಗಳಲ್ಲಿ ಕನ್ನಡದಲ್ಲೇ ಬರೆಯಬಹುದು. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ರೂಬ್ರಿಕ್ ಕೊಟ್ಟರೆ ಏನು ಪ್ರಯೋಜನ?

ಅಂಕ ಹಾಕುವಾಗ ಮಗುವಿನ ಬರಹ ಒಂದು ಕಡೆ, ರೂಬ್ರಿಕ್ ಇನ್ನೊಂದು ಕಡೆ ಕಾಣುತ್ತದೆ. ಸಾಲಿಗೊಂದು ಮಟ್ಟ ಆರಿಸಿದರೆ ಮೊತ್ತ ತಾನಾಗಿ ಬರುತ್ತದೆ. ಫಾರ್ವರ್ಡ್ ಸಂದೇಶದ "ಕಂಪ್ಯೂಟರೇ ಅಂಕ ಹಾಕುತ್ತದೆ" ಎಂಬ ಮಾತಿನ ಮೂಲ ಬಹುಶಃ ಇದೇ ಇರಬೇಕು. ಯಂತ್ರ ಕೂಡಿಸಿತು, ಆರಿಸಿದ್ದು ಮನುಷ್ಯರು.

ಮೂಡಲ್‌ನ ಕೂಡಿಕೆಯಲ್ಲಿ ಒಂದು ಹುಷಾರು

ಕಾಲೇಜುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಮೂಡಲ್‌ನಲ್ಲಿ ಗ್ರೇಡಿಂಗ್ ವಿಧಾನವನ್ನು ರೂಬ್ರಿಕ್ ಎಂದು ಆರಿಸಿ, ಕೋಷ್ಟಕ ತುಂಬಿ, ಬಳಕೆಗೆ ಸಿದ್ಧ ಎಂದು ಉಳಿಸಬೇಕು. ಕರಡು ಎಂದು ಉಳಿಸಿದರೆ ಅದರಿಂದ ಅಂಕ ಹಾಕಲಾಗದು. ಇಷ್ಟು ಸುಲಭ. ತೊಂದರೆ ಲೆಕ್ಕದಲ್ಲಿದೆ.

ನಾಲ್ಕು ಅಂಶ, ಪ್ರತಿಯೊಂದಕ್ಕೂ 1ರಿಂದ 4 ಅಂಕ ಎಂದು ಇಟ್ಟಿದ್ದೀರಿ ಎಂದುಕೊಳ್ಳಿ. ಗರಿಷ್ಠ 16. ವಿದ್ಯಾರ್ಥಿಗೆ 10 ಬಂದರೆ ನೂರಕ್ಕೆ 62.5 ಎಂದು ನಾವೆಲ್ಲ ಲೆಕ್ಕ ಹಾಕುತ್ತೇವೆ. ಮೂಡಲ್‌ನ ಹಳೆಯ ವಿಧಾನ ಹಾಗೆ ಮಾಡುವುದಿಲ್ಲ. ಸಿಗಬಹುದಾದ ಕನಿಷ್ಠ ಮೊತ್ತ 4 ತಾನೆ? ಅದನ್ನೇ ಸೊನ್ನೆ ಎಂದು ಹಿಡಿದು, 10ರಲ್ಲಿ 4 ಕಳೆದು, 12ರಿಂದ ಭಾಗಿಸುತ್ತದೆ. ಬರುವುದು ನೂರಕ್ಕೆ 50. ಎಲ್ಲದರಲ್ಲೂ 1 ಪಡೆದವರಿಗೆ ನೇರ ಸೊನ್ನೆ. ಹೊಸ ಆವೃತ್ತಿಗಳಲ್ಲಿ ಕನಿಷ್ಠವನ್ನು ಸೊನ್ನೆಯೆಂದೇ ಹಿಡಿದು ಲೆಕ್ಕ ಹಾಕುವ ಆಯ್ಕೆಯೊಂದಿದೆ. ಅದು ಟಿಕ್ ಆಗಿದೆಯೇ ನೋಡಿಕೊಳ್ಳಬೇಕು. ಇಲ್ಲವೇ ಕೆಳಗಿನ ಮಟ್ಟವನ್ನು 1ರ ಬದಲು 0 ಎಂದೇ ಇಡಬೇಕು. ಆಗ ಎರಡೂ ಲೆಕ್ಕ ಒಂದೇ ಆಗುತ್ತದೆ. ಪರದೆಯ ಮೇಲೆ 10 ಎಂದು ಕಂಡು, ಅಂಕಪಟ್ಟಿಯಲ್ಲಿ 50 ಎಂದು ಬಂದರೆ ಯಾರೋ ಅಂಕ ಕಡಿದರು ಎಂದು ಅನುಮಾನಿಸುವ ಮೊದಲು ಇದನ್ನು ಪರಿಶೀಲಿಸಿ.

ರೂಬ್ರಿಕ್ ಇದ್ದರೆ ಪಕ್ಷಪಾತ ಇರುವುದೇ ಇಲ್ಲವೇ?

ಹಾಗೆ ಹೇಳಲಾಗದು. ಸ್ವೀಡನ್ನಿನ ಆ್ಯಂಡರ್ಸ್ ಯಾನ್ಸನ್ ಮತ್ತು ಗುನಿಲ್ಲಾ ಸ್ವಿಂಗ್‌ಬಿ 2007ರಲ್ಲಿ 75 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅಂಶಗಳನ್ನು ಬಿಡಿಸಿ ಬರೆದ, ಆಯಾ ವಿಷಯಕ್ಕೆಂದೇ ಮಾಡಿದ ರೂಬ್ರಿಕ್‌ಗಳಿಂದ ಅಂಕಗಳು ಹೆಚ್ಚು ನಂಬುವಂತಾಗುತ್ತವೆ, ಮಾದರಿ ಉತ್ತರ ಮತ್ತು ಮೌಲ್ಯಮಾಪಕರಿಗೆ ತರಬೇತಿ ಇದ್ದರೆ ಇನ್ನೂ ಒಳ್ಳೆಯದು ಎಂದು ಕಂಡುಕೊಂಡರು. ರೂಬ್ರಿಕ್ ಇದೆ ಎಂದ ಮಾತ್ರಕ್ಕೆ ಅಳೆಯಬೇಕಾದ್ದನ್ನೇ ಅಳೆದಂತಾಗುವುದಿಲ್ಲ ಎಂದೂ ಹೇಳಿದರು. ಅಂದಕ್ಕೆ 12, ಆಧಾರಕ್ಕೆ 2 ಎಂದು ಇಟ್ಟರೆ ಆ ರೂಬ್ರಿಕ್ ಕೂಡ ಕಲರ್ ಪ್ರಿಂಟ್‌ಗೇ ಅಂಕ ಕೊಡುತ್ತದೆ.

ಶಾಲೆಯಲ್ಲಿ ಒಂದೇ ವಿಷಯಕ್ಕೆ ಇಬ್ಬರು ಶಿಕ್ಷಕರಿದ್ದರೆ ಒಂದು ಸುಲಭ ಉಪಾಯವಿದೆ. ಮೂರು ಅಸೈನ್‌ಮೆಂಟ್ ಆರಿಸಿ, ಹೆಸರು ಮುಚ್ಚಿ, ಇಬ್ಬರೂ ಬೇರೆ ಬೇರೆ ಅಂಕ ಹಾಕಲಿ. ಯಾವ ಸಾಲಿನಲ್ಲಿ ವ್ಯತ್ಯಾಸ ಬಂತೋ ಆ ಸಾಲಿನ ವಾಕ್ಯ ಸರಿಯಿಲ್ಲ ಎಂದರ್ಥ. ಅರ್ಧ ಗಂಟೆಯ ಕೆಲಸ.

ಎಲ್ಲವನ್ನೂ ಚೌಕಕ್ಕೆ ತುಂಬಲೂ ಆಗದು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಅದನ್ನು ಕಲಿಯುವ ಮಗುವಿನ ಕೆಲಸದಲ್ಲಿ ಹೊಲಿಗೆ ಸಮನಾಗಿದೆಯೇ, ಕನ್ನಡಿ ಗಟ್ಟಿಯಾಗಿ ಕೂತಿದೆಯೇ ಎಂದು ರೂಬ್ರಿಕ್ ಹಾಕಬಹುದು. ಬಣ್ಣಗಳ ಜೋಡಣೆ ಕಣ್ಣಿಗೆ ಹೇಗೆ ಬಡಿಯುತ್ತದೆ ಎಂಬುದಕ್ಕೆ ನಾಲ್ಕು ಮಟ್ಟ ಬರೆಯಲು ಹೊರಟರೆ ಎಲ್ಲ ಮಕ್ಕಳೂ ಒಂದೇ ಥರದ ಬಟ್ಟೆ ತಂದಿಡುತ್ತಾರೆ. ಅಲ್ಲಿ ಅಂಕ ಬೇಡ, ಕಾಮೆಂಟ್ ಜಾಗದಲ್ಲಿ ಎರಡು ಸಾಲು ಬರೆದರೆ ಸಾಕು ಎಂಬುದು ನಮ್ಮ ಅಭಿಪ್ರಾಯ. ಕ್ಲಾಸ್‌ರೂಮ್‌ನಲ್ಲಿ ಅಂಕವಿಲ್ಲದ ರೂಬ್ರಿಕ್ ಮಾಡುವ ಆಯ್ಕೆಯೂ ಇದೆ.

ಪಾಲಕರು, ಮಕ್ಕಳು ಏನು ಕೇಳಬಹುದು?

ಫೋನಿನಲ್ಲಿ ಅಸೈನ್‌ಮೆಂಟ್ ತೆರೆದು, ಸೂಚನೆಗಳ ಜೊತೆ ರೂಬ್ರಿಕ್ ಇದೆಯೇ ನೋಡಿ. ಇಲ್ಲದಿದ್ದರೆ ಕೆಲಸ ಶುರು ಮಾಡುವ ಮೊದಲೇ "ಸರ್, ಯಾವುದಕ್ಕೆ ಎಷ್ಟು ಅಂಕ ಇದೆ?" ಎಂದು ಕೇಳಿ. ಅಂಕ ಬಂದ ಮೇಲೆ "ಯಾಕೆ ಕಡಿಮೆ ಕೊಟ್ರಿ?" ಎಂದರೆ ಜಗಳವಾಗುತ್ತದೆ. "ಮೇಡಂ, ಆಧಾರದ ಸಾಲಿನಲ್ಲಿ 2 ಬಂದಿದೆ, ಯಾವ ಮಾತಿಗೆ ಮೂಲ ಬರೆಯಬೇಕಿತ್ತು?" ಎಂದರೆ ಉತ್ತರ ಸಿಗುತ್ತದೆ. ತಪ್ಪಿ ಬೇರೆ ಮಟ್ಟ ಒತ್ತಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ.

ಶಿಕ್ಷಕರಿಗೆ ಕೊನೆಯದೊಂದು ಮಾತು. ಕ್ಲಾಸ್‌ರೂಮ್‌ನಲ್ಲಿ ಅಂಕ ಹಾಕಲು ಶುರು ಮಾಡಿದ ಮೇಲೆ ರೂಬ್ರಿಕ್ ತಿದ್ದಲು ಆಗುವುದಿಲ್ಲ. ಇದು ಕಿರಿಕಿರಿ ಎನಿಸಬಹುದು, ಆದರೆ ಹತ್ತು ಮಕ್ಕಳಿಗೆ ಒಂದು ಅಳತೆ, ಉಳಿದವರಿಗೆ ಇನ್ನೊಂದು ಅಳತೆ ಆಗುವುದನ್ನು ಇದೇ ತಡೆಯುತ್ತದೆ. ನಡುವೆ ಯಾವುದಾದರೂ ಸಾಲು ಸರಿಯಿಲ್ಲ ಎನಿಸಿದರೆ ಗುರುತು ಹಾಕಿಟ್ಟುಕೊಂಡು, ಮುಂದಿನ ಅಸೈನ್‌ಮೆಂಟ್‌ಗೆ ಅದೇ ರೂಬ್ರಿಕ್ ತರಿಸಿಕೊಳ್ಳುವಾಗ ತಿದ್ದಿ.