ಕರಡಿ ಕುಡಿದ ಎಂಜಿನ್ ಆಯಿಲ್

ಬೆಂಗಳೂರು ಬಿಟ್ಟ ರೈಲು ಮಾಲೂರು, ಟೇಕಲ್ ದಾಟಿ ಬಂಗಾರಪೇಟೆಗೆ ಬರುತ್ತದೆ. ಅಲ್ಲಿಂದ ಕವಲೊಡೆಯುವ ಪುಟ್ಟ ಹಳಿ ಉರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಮುಗಿದುಹೋಗುತ್ತದೆ. 1894ರಲ್ಲಿ ಈ ಹಳಿ ಹಾಕಿದ್ದು ಕೋಲಾರದ ಚಿನ್ನದ ಗಣಿಗಳಿಗಾಗಿ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕಾಲದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಿಂದ ಗಣಿ ಕೆಲಸ ಬಲ್ಲವರು ಸಂಸಾರ ಸಮೇತ ಬಂದಿಳಿದರು. ಬಂಗಲೆ, ಕ್ಲಬ್ಬು, ಚರ್ಚು ಕಟ್ಟಿಕೊಂಡರು. ಉರಿಗಾಂ ಸುತ್ತಮುತ್ತಲ ಊರಿಗೆ ಪುಟ್ಟ ಇಂಗ್ಲೆಂಡ್ ಎಂಬ ಹೆಸರೇ ಬಿತ್ತು. ಪರದೇಶದವರು ಈ ಕಡೆ ಬರುತ್ತಿದ್ದದ್ದು ನೆಲದಡಿಯ ಹೊನ್ನಿಗಾಗಿ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು.

ಗಣಿ ಮುಚ್ಚಿದ ನಂತರದ ವರ್ಷಗಳಲ್ಲಿ ಅದೇ ರೈಲುದಾರಿಯ ಮಾಲೂರಿನ ಬಳಿ ಬೇರೆಯದೇ ಒಂದು ಕೆಲಸ ಶುರುವಾಯಿತು. ಮನುಷ್ಯರ ಕೈಯಲ್ಲಿ ದುಡಿದು ಸವೆದ ಸಾಕಾನೆಗಳಿಗೆ ಅಲ್ಲೊಂದು ಆರೈಕೆ ಕೇಂದ್ರ ತಲೆ ಎತ್ತಿತು. ಆ ಕೇಂದ್ರದ ಮೂಲ ಹುಡುಕುತ್ತ ಹೋದರೆ, ನ್ಯೂಜಿಲೆಂಡಿಗೆಂದು ಹೊರಟು ದೆಹಲಿಯಲ್ಲೇ ನಿಂತುಬಿಟ್ಟ ಒಬ್ಬ ಇಂಗ್ಲಿಷ್ ಮಹಿಳೆ ಸಿಗುತ್ತಾರೆ. ಅವರಿಗೂ ಹಿಂದೆ, ಬೆಂಗಳೂರಿನ ಒಂದು ಮನೆಯಲ್ಲಿ ಬೆಳೆದ ಕರಡಿಮರಿಯೊಂದು ಸಿಗುತ್ತದೆ. ಕಾಡುಪ್ರಾಣಿಯ ಜೀವ ಉಳಿಸಿದ ಮೇಲೆ ಅದನ್ನು ಏನು ಮಾಡಬೇಕು ಎಂಬುದನ್ನು ನಮ್ಮ ಸೀಮೆಗೆ ಕಲಿಸಿದ್ದು ಹೆಚ್ಚಾಗಿ ಪ್ರೀತಿಯಿಂದಲೇ ಆದ ಎಡವಟ್ಟುಗಳು.

ಕೆನೆತ್ ಆಂಡರ್ಸನ್ (1910–1974) ಕನ್ನಡ ಓದುಗರಿಗೆ ಹೊಸಬರಲ್ಲ. ಅವರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕಥೆಗಳು' ಎಂದು ಕನ್ನಡಕ್ಕೆ ತಂದ ಮೇಲೆ ಬೆಳ್ಳಂದೂರಿನ ನರಭಕ್ಷಕನೂ ಮಾಗಡಿಯ ಚಿರತೆಯೂ ನಮ್ಮ ಮನೆಮಾತಾದವು. ಅದೇ ಬೇಟೆಗಾರನ ಮನೆಯಲ್ಲಿ ಕರಡಿಯೊಂದು ಮಗುವಿನ ಹಾಗೆ ಬೆಳೆದ ಸಂಗತಿಯನ್ನು ಅವರೇ ಬರೆದಿದ್ದಾರೆ. ಒಂಬತ್ತನೇ ತರಗತಿಯ ಎನ್‌ಸಿಇಆರ್‌ಟಿ ಇಂಗ್ಲಿಷ್ ಪುಸ್ತಕದಲ್ಲಿ ಅದು ಪಾಠವಾಗಿಯೂ ಬಂದಿತ್ತು.

ಮೈಸೂರಿನ ಹತ್ತಿರ ಕಬ್ಬಿನ ಗದ್ದೆಗಳ ನಡುವೆ ಆಂಡರ್ಸನ್ ಜೊತೆಗಿದ್ದವರೊಬ್ಬರು ಎದುರಾದ ಕರಡಿಯನ್ನು ವಿನಾಕಾರಣ ಗುಂಡಿಟ್ಟು ಕೊಂದರು. ಸತ್ತ ತಾಯಿಯ ಸುತ್ತ ಮರಿಯೊಂದು ಓಡಾಡುತ್ತ ಗೋಳಾಡುತ್ತಿತ್ತು. ಆಂಡರ್ಸನ್ ಅದರ ಕತ್ತಿನ ಹಿಂಭಾಗ ಹಿಡಿದು ಚೀಲಕ್ಕೆ ತುಂಬಿ, ಬೆಂಗಳೂರಿಗೆ ತಂದು ಹೆಂಡತಿಯ ಮಡಿಲಿಗೆ ಹಾಕಿದರು. ಕೊರಳಿಗೆ ಬಣ್ಣದ ರಿಬ್ಬನ್ ಬಂತು, ಬ್ರೂನೋ ಎಂಬ ಹೆಸರು ಬಂತು. ಬಾಟಲಿಯಲ್ಲಿ ಹಾಲು ಕುಡಿಯುತ್ತಿದ್ದ ಮರಿ ಕೆಲವೇ ದಿನಗಳಲ್ಲಿ ಅನ್ನ, ಸಾರು, ಮೊಟ್ಟೆ, ಚಾಕೊಲೇಟು, ಐಸ್‌ಕ್ರೀಮು, ಕಾಫಿ, ಮಜ್ಜಿಗೆ, ಕೊನೆಗೆ ಬಿಯರಿನ ತನಕ ಎಲ್ಲಕ್ಕೂ ಬಾಯಿ ಹಾಕಿತು.

ಇಲಿಗಳ ಕಾಟಕ್ಕೆಂದು ಪುಸ್ತಕದ ಕೋಣೆಯಲ್ಲಿ ಬೇರಿಯಂ ಕಾರ್ಬೊನೇಟ್ ಇಟ್ಟಿದ್ದರು. ಬ್ರೂನೋ ಅದನ್ನೂ ತಿಂದಿತು. ಕಾಲುಗಳ ಸ್ವಾಧೀನ ತಪ್ಪಿ, ಮೋಟುಗಾಲಿನಲ್ಲಿ ತೆವಳಿಕೊಂಡೇ ಒಡತಿಯನ್ನು ಹುಡುಕಿ ಬಂತು. ಪಶುವೈದ್ಯರಲ್ಲಿಗೆ ಕಾರು ಓಡಿತು. ಅವರು ಪುಸ್ತಕ ತಿರುವಿ ಮದ್ದು ಹುಡುಕಿ ಹತ್ತು ಸಿಸಿ ಚುಚ್ಚಿದರು; ಏನೂ ಆಗಲಿಲ್ಲ. ಮತ್ತೆ ಹತ್ತು ಸಿಸಿ. ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂತು, ಅರ್ಧ ಗಂಟೆಯಲ್ಲಿ ಎದ್ದು ಕೂತು ಹೊಟ್ಟೆತುಂಬ ಉಂಡಿತು. ಇನ್ನೊಮ್ಮೆ ಗೆದ್ದಲಿಗೆ ಸುರಿಯಲೆಂದು ಕಾರಿನಿಂದ ಇಳಿಸಿಟ್ಟಿದ್ದ ಹಳೇ ಎಂಜಿನ್ ಆಯಿಲನ್ನು ಹೆಚ್ಚುಕಡಿಮೆ ಒಂದು ಗ್ಯಾಲನ್‌ನಷ್ಟು ಕುಡಿದುಬಿಟ್ಟಿತು. ಮನೆಯವರ ಎದೆ ಒಡೆದುಹೋಯಿತು. ಕರಡಿಗೆ ಮಾತ್ರ ಏನೂ ಆಗಲಿಲ್ಲ.

ಈ ಅವಘಡಗಳಿಗೆ ಕರಡಿಯ ಹುಟ್ಟಿನಲ್ಲೇ ಕಾರಣವಿದೆ. ನಮ್ಮ ಕಾಡಿನ ಕರಡಿ ಗೆದ್ದಲು, ಇರುವೆ, ಜೇನು, ಹಣ್ಣು ತಿಂದು ಬದುಕುವ ಪ್ರಾಣಿ. ಮೇಲಿನ ಸಾಲಿನ ಎರಡು ಮುಂಹಲ್ಲು ಅದಕ್ಕಿಲ್ಲ. ಆ ಸಂದಿನಿಂದ ಹುತ್ತದೊಳಗಿನ ಗೆದ್ದಲನ್ನು ಹೀರುತ್ತದೆ. ಹೀರುವ ಸದ್ದು ನೂರು ಮೀಟರಿಗೂ ಆಚೆ ಕೇಳುತ್ತದೆ. ಸಂದಿಗೊಂದಿಗೆ ಮೂತಿ ತೂರಿಸಿ ಸಿಕ್ಕಿದ್ದನ್ನು ಎಳೆದುಕೊಳ್ಳುವುದೇ ಅದರ ಜೀವನಕ್ರಮ. ಮನೆಯ ಮೂಲೆಯಲ್ಲಿಟ್ಟ ಡಬ್ಬಿ ಅದಕ್ಕೆ ಇನ್ನೊಂದು ಹುತ್ತವಷ್ಟೇ. ಈ ಪ್ರಾಣಿಯ ವಿಷಯದಲ್ಲಿ ಪರದೇಶದ ಪಂಡಿತರೂ ಮುಗ್ಗರಿಸಿದ್ದಾರೆ. ಉದ್ದ ಉಗುರು, ಜೋಲು ಕೂದಲು, ಇಲ್ಲದ ಹಲ್ಲು ನೋಡಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞರು 1791ರಲ್ಲಿ ಇದನ್ನು ದಕ್ಷಿಣ ಅಮೆರಿಕದ ಮರದಲ್ಲಿ ನೇತಾಡುವ ಸ್ಲಾತ್ ಪ್ರಾಣಿಗಳ ಗುಂಪಿಗೆ ಸೇರಿಸಿಬಿಟ್ಟಿದ್ದರು.

ಬ್ರೂನೋ ಬೆಳೆಯಿತು, ಹೆಸರು 'ಬಾಬಾ' ಎಂದು ಬದಲಾಯಿತು. ಕಟ್ಟಿಹಾಕದೆ ವಿಧಿಯಿಲ್ಲದಾದಾಗ ಮನೆಯವರು ಅದನ್ನು ಮೈಸೂರು ಮೃಗಾಲಯಕ್ಕೆ ಕಳಿಸಿದರು. ಅಲ್ಲಿ ಅದು ಊಟ ಬಿಟ್ಟಿತು, ಇಲ್ಲಿ ಒಡತಿ ಕೊರಗಿದರು. ಮೂರು ತಿಂಗಳ ಮೇಲೆ ಅವರು ನೋಡಲು ಹೋದಾಗ ಕರಡಿ ದೂರದಿಂದಲೇ ಗುರುತು ಹಿಡಿದು ಕೂಗಿತು, ಖುಷಿಗೆ ತಲೆಕೆಳಗಾಗಿ ನಿಂತಿತು. ವಾಪಸು ಕೊಡಿ ಎಂದರೆ, ಅದೀಗ ಸರ್ಕಾರದ ಸ್ವತ್ತು, ಬೆಂಗಳೂರಿನ ಮೇಲಧಿಕಾರಿಯ ಅಪ್ಪಣೆ ಬೇಕು ಎಂದರು. ಅಪ್ಪಣೆಯೂ ಸಿಕ್ಕಿತು. ಕರಡಿಯಿದ್ದ ಪಂಜರವನ್ನು ಕಾರಿನ ನೆತ್ತಿಯ ಮೇಲೆ ಕಟ್ಟಿಕೊಂಡು ಮೈಸೂರಿನಿಂದ ಬೆಂಗಳೂರಿಗೆ ನಿಧಾನವಾಗಿ ಬಂದರು. ಮನೆಯ ಕಾಂಪೌಂಡಿನಲ್ಲಿ 20 ಅಡಿ ಉದ್ದ, 15 ಅಡಿ ಅಗಲದ ನಡುಗಡ್ಡೆಯೊಂದು ಸಿದ್ಧವಾಯಿತು. ಸುತ್ತ 6 ಅಡಿ ಅಗಲ, 7 ಅಡಿ ಆಳದ ಒಣ ಕಂದಕ. ಮರದ ಕೊಂಬೆಗೆ ಹಗ್ಗ ಕಟ್ಟಿ ಒಡತಿ ಅದರಲ್ಲಿ ತೂಗಿಕೊಂಡು ಕಂದಕ ದಾಟಿ ಹೋಗಿ ಕರಡಿಯ ಪಕ್ಕ ಕೂರುತ್ತಿದ್ದರು.

ನಗು ಬರಿಸುವ ಈ ಕತೆಯಲ್ಲಿ ಮುಂದಿನವರಿಗೆ ಬೇಕಾದ ಪಾಠಗಳೆಲ್ಲ ಇದ್ದವು. ಕೈತುತ್ತು ತಿಂದು ಬೆಳೆದ ಮರಿ ಕಾಡಿಗೆ ಹೋಗಲಾರದು. ಜೀವ ಉಳಿಸಿದವರಿಗೆ ಅದರ ಆಯುಷ್ಯ ಪೂರ್ತಿ ಹೊಣೆಯಾಗುತ್ತದೆ. ಸರಪಳಿಗಿಂತ ಜಾಗ ಮುಖ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮನೆಯಲ್ಲಿ ಕರಡಿ ಸಾಕುವ ಮಾತೇ ಉಳಿಯಲಿಲ್ಲ. ಅದು ಒಳ್ಳೆಯದೇ ಆಯಿತು. ಆದರೆ ಕಾಯಿದೆ ಹಿಡಿದುಕೊಟ್ಟ ಪ್ರಾಣಿಗಳನ್ನು ಇಡುವುದೆಲ್ಲಿ?

ಈ ಪ್ರಶ್ನೆಯ ಜೊತೆ ಬದುಕಿದವರು ಕ್ರಿಸ್ಟಲ್ ರೋಜರ್ಸ್. ಹುಟ್ಟಿದ್ದು 1906ರಲ್ಲಿ. 1959ರಲ್ಲಿ ನ್ಯೂಜಿಲೆಂಡಿಗೆ ಹೋಗುವ ದಾರಿಯಲ್ಲಿ ದೆಹಲಿಯಲ್ಲಿದ್ದಾಗ, ಗಾಯಗೊಂಡು ಬಿದ್ದ ಕುದುರೆಯೊಂದರ ಕಣ್ಣನ್ನು ಕಾಗೆಗಳು ಕುಕ್ಕುತ್ತಿದ್ದುದನ್ನು ಕಂಡರು. ಪ್ರಯಾಣ ಅಲ್ಲಿಗೇ ನಿಂತಿತು. ದೆಹಲಿಯಲ್ಲಿ ಒಂದು ಪ್ರಾಣಿ ಆಶ್ರಯ, ಜೈಪುರದಲ್ಲಿ 'ಹೆಲ್ಪ್ ಇನ್ ಸಫರಿಂಗ್', ಕೊನೆಗೆ 1991ರಲ್ಲಿ, ಎಂಬತ್ತೈದರ ಆಸುಪಾಸಿನಲ್ಲಿ, ಬೆಂಗಳೂರಿನ 'ಕ್ಯೂಪಾ'. ವಯಸ್ಸಾದವರು ಮೊಮ್ಮಕ್ಕಳ ಜೊತೆ ಕೂರುವ ಕಾಲಕ್ಕೆ ಆಕೆ ಹೊಸ ಊರಿನಲ್ಲಿ ಹೊಸ ಸಂಸ್ಥೆ ಕಟ್ಟುತ್ತಿದ್ದರು. 1996ರಲ್ಲಿ ತೀರಿಕೊಂಡರು. ಮುಂದೆ ಕ್ಯೂಪಾದವರ ಕೆಲಸ ಬನ್ನೇರುಘಟ್ಟದ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ, ಅಲ್ಲಿಂದ ಮಾಲೂರಿನ ಆನೆಗಳ ತನಕ ಬೆಳೆಯಿತು.

ಇತ್ತ ಕರಡಿಗಳ ಪಾಡು ಬೀದಿಯಲ್ಲಿತ್ತು. ನಲವತ್ತು ದಾಟಿದ ಯಾವ ಕನ್ನಡಿಗನಿಗಾದರೂ ಕರಡಿ ಆಡಿಸುವವರು ನೆನಪಿರುತ್ತಾರೆ. ಹೆದರುವ ಮಗುವನ್ನು ಕರಡಿಯ ಬೆನ್ನಿನ ಮೇಲೆ ಕೂರಿಸಿದರೆ ಭಯ ಬಿಡುತ್ತದೆಂದು ತಾಯಂದಿರು ನಂಬುತ್ತಿದ್ದರು, ಕರಡಿ ಕೂದಲಿನ ತಾಯಿತ ಕಟ್ಟುತ್ತಿದ್ದರು. ಆ ಕರಡಿಯ ಮೂತಿಯನ್ನು ಕಾದ ಕಬ್ಬಿಣದಿಂದ ಚುಚ್ಚಿ ಹಗ್ಗ ಪೋಣಿಸಿರುತ್ತಿದ್ದರು, ಹಲ್ಲು ಕಿತ್ತಿರುತ್ತಿದ್ದರು. ಕುಣಿಸುವ ಕಲಂದರ ಸಮುದಾಯಕ್ಕೂ ಹೊಟ್ಟೆಪಾಡಿಗೆ ಬೇರೆ ದಾರಿ ಇರಲಿಲ್ಲ. 1995ರಲ್ಲಿ ಕಾರ್ತಿಕ್ ಸತ್ಯನಾರಾಯಣ ಮತ್ತು ಗೀತಾ ಶೇಷಮಣಿ ಕಟ್ಟಿದ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ, ಕರಡಿ ಒಪ್ಪಿಸಿದವರಿಗೆ ಬೇರೆ ಕಸುಬಿನ ಆಸರೆ ಕೊಡುತ್ತ ಬಂತು. ಅರಣ್ಯ ಇಲಾಖೆಯ ಜೊತೆ ಸೇರಿ ಬನ್ನೇರುಘಟ್ಟದಲ್ಲಿ ಕರಡಿಗಳ ರಕ್ಷಣಾ ಕೇಂದ್ರ ನಡೆಸಿತು. 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿ ಅಲ್ಲಿಗೆ ಬಂದು ಸೇರಿತು. ದೇಶದ ಬೀದಿಗಳಲ್ಲಿ ಕುಣಿಯುತ್ತಿದ್ದ ಕೊನೆಯ ಕರಡಿ ಅದೆಂದು ದಾಖಲಾಗಿದೆ.

ಇಂಥ ಕೇಂದ್ರಗಳಿಗೆ ದೂರದೇಶದಿಂದ ರಜೆ ಹಾಕಿ ಬರುವ ಸ್ವಯಂಸೇವಕರಿಗೆ ಮೊದಲು ಸಿಗುವುದು ಚಾಕು ಮತ್ತು ಕಲ್ಲಂಗಡಿ ರಾಶಿ. ಗಂಜಿ ಪಾತ್ರೆ ತಿಕ್ಕಬೇಕು, ಮರದ ದಿಮ್ಮಿಯ ತೂತುಗಳಿಗೆ ಜೇನು, ಖರ್ಜೂರ ತುಂಬಬೇಕು, ತೂಗುಮಂಚ ಕಟ್ಟಬೇಕು. ಹುತ್ತ ಬಗೆಯಲೆಂದೇ ಬೆಳೆದ ಉಗುರುಗಳ ಮುಂದೆ ಆ ತೂಗುಮಂಚ ಎಷ್ಟು ಹೊತ್ತು ತಾಳೀತು? ಹರಿದರೆ ಬೇಸರ ಪಡಬೇಕಿಲ್ಲ. ವರ್ಷಗಟ್ಟಲೆ ಹಗ್ಗದ ತುದಿಯಲ್ಲಿದ್ದ ಪ್ರಾಣಿ ತನಗೆ ಬೇಕಾದ್ದನ್ನು ತಾನೇ ಕಿತ್ತಾಡಿತು ಎಂದರೆ ಕಟ್ಟಿದವರ ಶ್ರಮ ಕೈಗೂಡಿತು ಎಂದೇ ಅರ್ಥ. ಮುದ್ದು ಮಾಡಲು ಹೋದವರನ್ನು ತಡೆಯುವುದು ಇನ್ನೂ ಕಷ್ಟದ ಕೆಲಸ. ಗೂಡಿನಿಂದ ಇಳಿದು ಹಾರಲು ಕಲಿಯುತ್ತಿರುವ ಹಕ್ಕಿಮರಿಯನ್ನು ಅನಾಥವೆಂದು ಎತ್ತಿಕೊಂಡು ಬರುವವರು, ಅಳಿಲುಮರಿಗೆ ಹಸುವಿನ ಹಾಲು ಕುಡಿಸಿ ಭೇದಿ ಹಿಡಿಸುವವರು ಎಲ್ಲ ಊರಿನಲ್ಲೂ ಇದ್ದಾರೆ.

ಮಾಲೂರಿನಲ್ಲಿ ಮುದ್ದಿಗಿಂತ ಕಾಲು ದೊಡ್ಡ ವಿಷಯ. ಕಾಂಕ್ರೀಟು ನೆಲದಲ್ಲಿ ವರ್ಷಾನುಗಟ್ಟಲೆ ಸರಪಳಿಯಲ್ಲಿ ನಿಂತ ಆನೆಯ ಅಂಗಾಲು ಒಡೆದು ಕೊಳೆಯುತ್ತದೆ. ಅದಕ್ಕೆ ಮಣ್ಣಿನ ನೆಲ ಬೇಕು, ನಡಿಗೆ ಬೇಕು, ಕೆಸರು ಬೇಕು, ಜೊತೆಗೊಂದು ಆನೆ ಬೇಕು. ಮಾಲೂರಿನಿಂದ ಪೂರ್ವಕ್ಕೆ ಸಾಗಿದರೆ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ಕಾಡಾನೆಗಳ ಲೋಕ. 1980ರ ದಶಕದಲ್ಲಿ ತಮಿಳುನಾಡಿನ ಹೊಸೂರು, ಧರ್ಮಪುರಿ ಕಾಡುಗಳಿಂದ ಹೊರಟ ಹಿಂಡುಗಳು ಆಂಧ್ರದ ಚಿತ್ತೂರು ಜಿಲ್ಲೆಯವರೆಗೆ ನಡೆದವು. ಅವುಗಳಿಗಾಗಿ 1990ರಲ್ಲಿ ಅಲ್ಲಿ ಕೌಂಡಿನ್ಯ ಅಭಯಾರಣ್ಯ ಆಯಿತು. ಗಡಿಯ ರಾಗಿ ಹೊಲ, ಟೊಮೆಟೊ ತೋಟದವರಿಗೆ ರಾತ್ರಿ ನಿದ್ದೆಯಿಲ್ಲ. ರೈತರೂ ಸತ್ತಿದ್ದಾರೆ, ಆನೆಗಳೂ ಸತ್ತಿವೆ.

ಕೋಲಾರ ಜಿಲ್ಲೆಯದೇ ಹೆಸರು ಹೊತ್ತ ಇನ್ನೊಂದು ಜೀವಿಯನ್ನು ಯಾರೂ ಮನೆಗೆ ತಂದು ಸಾಕಲಾರರು. ಕೋಲಾರದ ಎಲೆಮೂಗಿನ ಬಾವಲಿಯನ್ನು ಫ್ರಾಂಕ್‌ಫರ್ಟ್‌ನ ಡೀಟರ್ ಕಾಕ್ ಮತ್ತು ನಮ್ಮ ಎಚ್.ಆರ್. ಭಟ್ 1994ರಲ್ಲಿ ಹೊಸ ಪ್ರಭೇದವೆಂದು ಲೋಕಕ್ಕೆ ತೋರಿಸಿದರು. ಈಗ ಅದು ಹನುಮನಹಳ್ಳಿಯ ಗುಹೆಯೊಂದರಲ್ಲಿ ಮಾತ್ರ ಉಳಿದಿದೆ. ಲೆಕ್ಕ ಕೆಲವು ನೂರನ್ನೂ ದಾಟದು. ಬಂಡೆ ಒಡೆಯುವ ಕಲ್ಲುಗಣಿಯೇ ಅದರ ಶತ್ರು. ಇಲ್ಲಿ ಬಾಟಲಿ ಹಾಲಿಲ್ಲ, ಪಂಜರವಿಲ್ಲ, ಹೆಸರಿಟ್ಟು ಕರೆಯುವುದಿಲ್ಲ. ಬ್ಯಾಟ್ ಕನ್ಸರ್ವೇಷನ್ ಇಂಡಿಯಾ ಟ್ರಸ್ಟಿನವರು ಅರಣ್ಯ ಇಲಾಖೆಯ ಜೊತೆ ಸೇರಿ ಮಾಡುತ್ತಿರುವುದು ಗುಹೆಯ ಸುತ್ತಲಿನ ಬಂಡೆಯನ್ನು ಸಿಡಿಮದ್ದಿನಿಂದ ಕಾಪಾಡುವ ಕೆಲಸ, ಮತ್ತು ಬಾವಲಿ ಎಂದರೆ ಅಪಶಕುನವೆನ್ನುವ ಹಳ್ಳಿಯವರ ಜೊತೆ ಕೂತು ಮಾತಾಡುವ ಕೆಲಸ.